ಮೊಯ್ನುಲ್‌ನ ಮೀನುಗಳು

ಆನೆ ಬಂದರೆ ಫಾರೆಸ್ಟಿನವರ ಮೆಸೇಜು ಬರುತ್ತದೆ:
ಇಂಥ ತೋಟ, ಇಂಥ ಗೇಟು, ಮೂರು ದೊಡ್ಡವು, ಒಂದು ಮರಿ,
ಕೆಲಸಕ್ಕೆ ಇಳಿಯಬೇಡಿ.
ಸೊಳ್ಳೆಗೆ ಮೆಸೇಜಿಲ್ಲ.
ಅದಕ್ಕೆ ನಾನು,
ಕೈಯಲ್ಲೊಂದು ಸೌಟು, ಟಾರ್ಚು,
ಸೊಂಟಕ್ಕೆ ಸಿಕ್ಕಿಸಿದ ತುಂಡು ಸೀಮೆಸುಣ್ಣ.

ಹೆಸರು ಜಲಜಾಕ್ಷಿ.
ಇಟ್ಟವರಿಗೆ ಗೊತ್ತಿತ್ತೋ ಏನೋ
ಕಂಡವರ ನೀರಿನಲ್ಲಿ ಕಣ್ಣಿಟ್ಟು ತಿರುಗುವವಳು ಇವಳೆಂದು.
ಲೈನಿನಲ್ಲಿ ಮಾತ್ರ ನಾನು ಸೊಳ್ಳೆ ಅಕ್ಕ.

ಅಮ್ಮತ್ತಿಯಿಂದ ಎರಡು ಮೈಲಿ ಒಳಗೆ, ಕಾಫಿ ಕಣದ ಹಿಂದೆ
ಹದಿನಾಲ್ಕು ಬಾಗಿಲಿಗೆ ಒಂದೇ ಉದ್ದದ ಶೀಟು.
ಕೈಲ್ ಪೊಳ್ದ್ ಕಳೆದು ಹತ್ತು ದಿನ.
ಒಂದು ಹನಿ, ಒಂದು ಬಿಸಿಲು, ಮತ್ತೆ ಒಂದು ಹನಿ:
ಮೊಟ್ಟೆ ಒಡೆಯಲು ಹೇಳಿ ಮಾಡಿಸಿದ ಹದ.
ಬಂಗಲೆಯಲ್ಲಿ ಆರ್ಕಿಡ್ ಕುಂಡದ ತಟ್ಟೆ ಎತ್ತಿ ನೋಡಿದೆ.
ಇದ್ದವು. ಬರೆದುಕೊಂಡೆ. ಕಾಫಿ ಕೊಟ್ಟರು.
ಇಲ್ಲಿ ಡ್ರಮ್ಮು ಬಗ್ಗಿಸಿದರೆ ಬೈಯುತ್ತಾರೆ,
ನಲ್ಲಿ ಬರುವುದು ಎರಡು ದಿನಕ್ಕೊಮ್ಮೆ,
ಅದೂ ಮೇಸ್ತ್ರಿಗೆ ನೆನಪಾದರೆ.

ಏಳನೆಯ ಬಾಗಿಲ ಅಂಜಲೈ ಪಾಟಿ
ದ್ವೀಪದಿಂದ ಹಡಗು ಹತ್ತಿ ಬಂದವಳು.
"ಅಲ್ಲಿ ಟೋಪಿ ಹಾಕಿದವರು ಬರುತ್ತಿದ್ದರು,
ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ
ಹೊಟ್ಟೆ ಒತ್ತಿ ಗುಲ್ಮ ಎಣಿಸುತ್ತಿದ್ದರು.
ಬೆರಳು ತಣ್ಣಗಿರುತ್ತಿತ್ತು.
ಹೆಸರು ಕೇಳಲಿಲ್ಲ."
ನಾನು ಅವಳ ಹೆಸರು ಬರೆದೆ,
ತಪ್ಪಾಗಿ. ಅವಳೇ ತಿದ್ದಿದಳು.

ಹತ್ತನೆಯ ಬಾಗಿಲು.
ಸಾಹೇರಾಳನ್ನು ನಿನ್ನೆ ನೂರೆಂಟರಲ್ಲಿ ಮಡಿಕೇರಿಗೆ ಒಯ್ದಿದ್ದಾರೆ,
ಪ್ಲೇಟ್‌ಲೆಟ್ ಇಪ್ಪತ್ತೆಂಟು ಸಾವಿರ.
ಮಂಚದ ಕೆಳಗಿಂದ ಮಗ ತೆವಳಿ ಬಂದ,
ಎದೆಗೊತ್ತಿಕೊಂಡ ಉಪ್ಪಿನಕಾಯಿ ಬಾಟಲಿಯೊಡನೆ.
"ನನ್ನ ಮೀನು. ಕುಣಿತದೆ, ನೋಡು."

ಟಾರ್ಚು ಬಿಟ್ಟೆ.
ತಲೆಕೆಳಗಾಗಿ ನೇತುಬಿದ್ದು, ಬಾಲದಿಂದ ಉಸಿರೆಳೆದು,
ಬೆಳಕು ತಾಗಿದ್ದೇ ತಡ
ಬಳುಕಿ, ಬಳುಕಿ, ತಳಕ್ಕೆ.
ಮೂವತ್ತಿರಬಹುದು.
ಒಂದೆರಡು ಆಗಲೇ ಗೂಡುಕಟ್ಟಿ ಅಲ್ಪವಿರಾಮದಂತೆ ಬಾಗಿದ್ದವು.

ಒಣನೆಲಕ್ಕೆ ಚೆಲ್ಲಿ ಎನ್ನುತ್ತದೆ ಕೈಪಿಡಿ.
ಅವನ ಅಂಗೈ ಮುಚ್ಚಳದ ಮೇಲಿತ್ತು.
ಹನ್ನೊಂದು ವರ್ಷದಲ್ಲಿ ಎಷ್ಟು ನೀರು ಚೆಲ್ಲಿದ್ದೇನೆ,
ದೇವರ ಕೋಣೆಯ ತಂಬಿಗೆಯದ್ದೂ ಚೆಲ್ಲಿದ್ದೇನೆ.
ಅವತ್ತು ಬಾಟಲಿಯ ಬಾಯಿಗೆ ಬಟ್ಟೆ ಬಿಗಿದು
ಎರಡು ಸುತ್ತು ರಬ್ಬರು ಹಾಕಿ
ನಾಳೆ ಬೆಳಗಿನವರೆಗೆ ಬಿಚ್ಚಬೇಡ ಎಂದು ಬಂದೆ.
ರಾತ್ರಿಯಿಡೀ ಆ ರಬ್ಬರು ನನ್ನ ಕಿವಿಯಲ್ಲೇ ಸಡಿಲವಾಗುತ್ತಿತ್ತು.

ಬೆಳಿಗ್ಗೆ ಆಸ್ಪತ್ರೆಯ ತೊಟ್ಟಿಯಿಂದ
ಹಾಲಿನ ಕವರಿನಲ್ಲಿ ಎರಡು ಗಪ್ಪಿ.
ಸುರಿದೆ.
ಅವನು ಮೂಗನ್ನು ಗಾಜಿಗೆ ಒತ್ತಿಕೊಂಡು ಕೂತ.
ಅವಕ್ಕೆ ಅವಸರವಿರಲಿಲ್ಲ.
ಒಂದು. ಸ್ವಲ್ಪ ಸುತ್ತಿ ಬಂದು ಇನ್ನೊಂದು.
ಅಳುತ್ತಾನೆಂದು ಸೆರಗು ಸಿದ್ಧಮಾಡಿಕೊಂಡಿದ್ದೆ,
ಅಳಲಿಲ್ಲ.
"ಅಮ್ಮಂಗೆ ಕಚ್ಚಿದ್ದು ಇವುಗಳ ಅಮ್ಮಾನಾ?"

ಹೆಣ್ಣೇ ಕಚ್ಚುವುದು, ಮೊಟ್ಟೆಗೆ ರಕ್ತ ಬೇಕು:
ತರಬೇತಿಯಲ್ಲಿ ಇದನ್ನು ನಾನೇ ನಿಂತು ಗಟ್ಟಿಯಾಗಿ ಹೇಳಿ
ಚಪ್ಪಾಳೆ ತಟ್ಟಿಸಿಕೊಂಡವಳು.
"ಗೊತ್ತಿಲ್ಲ" ಎಂದೆ.
ಬಾಗಿಲಿಗೆ ತಿರುಗಿ ಬರೆದೆ: ತಾರೀಕು,
ಪಾತ್ರೆ ಆರು, ಹುಳ ಇದ್ದದ್ದು ಒಂದು, ನನ್ನ ಸಹಿ.
ಸುಣ್ಣ ಕೊಡು ಎಂದ. ಕೊಟ್ಟೆ.

ಮುಂದಿನ ವಾರ ಇನ್ಸ್‌ಪೆಕ್ಟರ್ ಉತ್ತಯ್ಯ ಬಂದು
ಕನ್ನಡಕ ಏರಿಸಿ ಬಾಗಿಲು ಓದಿದರು.
"ಇದೇನಮ್ಮ, ಸಹಿ ಪಕ್ಕದಲ್ಲಿ?"
ಮೀನು, ಸರ್.
ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ, ಅವರೂ ಹುಡುಕಲಿಲ್ಲ.
ಒಳಗೆ ಸಾಹೇರಾ, ಗೋಡೆ ಹಿಡಿದು ನಡೆಯುವಷ್ಟು ಚೇತರಿಕೆ,
ನಲ್ಲಿ ಬಂದ ಸದ್ದಿಗೆ
ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ
ಒಂದೊಂದಾಗಿ ಹೊರಗೆ ತರುತ್ತಿದ್ದಳು.